ಹಳೆ ಜೀಪಿನ ಆಯಿಲ್ ಪ್ರೆಶರ್ ಇಳಿದರೆ: ಇಂಜಿನ್ ಬಿಚ್ಚುವ ಮೊದಲು ಗೇಜ್ ಹಾಕಿ

ಉತ್ತರ ಕನ್ನಡದ ಕತಗಾಲದಿಂದ ದೇವಿಮನೆ ಘಟ್ಟವನ್ನು ಎರಡನೇ ಗೇರಿನಲ್ಲಿ ಹತ್ತಿದ ಹಳೆ ಜೀಪು ಮೇಲೆ ಬಂದು ಐಡಲ್‌ನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಮಿಣುಕುತ್ತದೆ. ಆ್ಯಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತದೆ. ಹೆಚ್ಚಿನವರು ಅದನ್ನು ಅಲ್ಲಿಗೇ ಮರೆತುಬಿಡುತ್ತಾರೆ. ಕೆಲವರು ಮರುದಿನವೇ ಇಂಜಿನ್ ಇಳಿಸಲು ಹೊರಡುತ್ತಾರೆ. ಎರಡೂ ತಪ್ಪು. ಆ ದೀಪದ ಹಿಂದೆ ಉಪ್ಪುಗಾಳಿಗೆ ತುಕ್ಕು ಹಿಡಿದ ಒಂದು ವಯರ್ ಇರಬಹುದು, ಸವೆದ ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ಮುಖ್ಯ ದಂಡ) ಬೇರಿಂಗ್ ಕೂಡ ಇರಬಹುದು. ಯಾವುದೆಂದು ಹೇಳುವುದು ಒಂದೇ ವಸ್ತು: ಇಂಜಿನ್ ಬ್ಲಾಕಿಗೆ ನೇರವಾಗಿ ಸಿಕ್ಕಿಸುವ ಮೆಕ್ಯಾನಿಕಲ್ ಪ್ರೆಶರ್ ಗೇಜ್.

ಇಲ್ಲಿ ಹೇಳುವುದು ಘಟ್ಟದ ಮೇಲೂ ಕೆಳಗೂ ಇನ್ನೂ ದುಡಿಯುತ್ತಿರುವ ಹಳೆಯ ಡೀಸೆಲ್ ಜೀಪುಗಳಿಗೆ (2112 ಸಿ.ಸಿ.ಯ ಪ್ಯೂಜೊ ಇಂಜಿನ್, 2523 ಸಿ.ಸಿ.ಯ ಎಂಡಿಐ ಇಂಜಿನ್), ಅಂಬಾಸಿಡರಿಗೆ, ಕಾರ್ಬ್ಯುರೇಟರ್ ಕಾಲದ ಮಾರುತಿ 800 ಮತ್ತು ಓಮ್ನಿಗೆ ಬಹುತೇಕ ಒಂದೇ ರೀತಿ ಅನ್ವಯಿಸುತ್ತದೆ. ಅಂಕಿಗಳಲ್ಲಿ ವ್ಯತ್ಯಾಸವಿದ್ದರೆ ನಿಮ್ಮ ಗಾಡಿಯ ಮ್ಯಾನುಯಲ್ಲೇ ಅಂತಿಮ.

ಪ್ರೆಶರ್ ಎಲ್ಲಿಂದ ಬರುತ್ತದೆ

ಅಡಿಕೆ ತೋಟಕ್ಕೆ ಹಳ್ಳದಿಂದ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುವವರಿಗೆ ಇದನ್ನು ವಿವರಿಸುವುದು ಸುಲಭ. ಪಂಪ್ ನೀರನ್ನು ತಳ್ಳುತ್ತದೆ, ಅಷ್ಟೆ. ಒತ್ತಡ ಹುಟ್ಟುವುದು ಜೆಟ್ಟಿನ ಸಣ್ಣ ತೂತು ಆ ನೀರನ್ನು ತಡೆಯುವುದರಿಂದ. ಜೆಟ್ ಸವೆದು ತೂತು ದೊಡ್ಡದಾದರೆ ಪಂಪ್ ಹೊಸದಿದ್ದರೂ ಕೊನೆಯ ಸ್ಪ್ರಿಂಕ್ಲರ್ ಸೊರಗುತ್ತದೆ. ಫುಟ್‌ವಾಲ್ವಿಗೆ ಎಲೆ ಕಚ್ಚಿಕೊಂಡರೆ ನೀರೇ ಬರುವುದಿಲ್ಲ. ಸಕ್ಷನ್ ಪೈಪಿನ ಜಾಯಿಂಟ್ ಗಾಳಿ ಎಳೆದರೆ ನೀರು ತಡೆತಡೆದು ಬರುತ್ತದೆ.

ಇಂಜಿನ್ನಿನಲ್ಲಿಯೂ ಇದೇ ಕತೆ. ಜೆಟ್ಟಿನ ಜಾಗದಲ್ಲಿ ಮೇನ್ ಬೇರಿಂಗ್ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂರುವ ಕಡೆ), ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವ ಕಡೆ), ಕ್ಯಾಮ್ ಬುಷ್, ರಾಕರ್ ಶಾಫ್ಟ್ ಇವೆ. ಫುಟ್‌ವಾಲ್ವಿನ ಜಾಗದಲ್ಲಿ ಚೇಂಬರಿನೊಳಗಿನ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯೊಳಗಿನ) ಸ್ಟ್ರೇನರ್, ಅಂದರೆ ಜರಡಿ. ಬೇರಿಂಗಿನ ಸಂದು ಎರಡು ಪಟ್ಟಾದರೆ ಅದರಿಂದ ಸೋರುವ ಆಯಿಲ್ ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟಾಗುತ್ತದೆ. ಹಾಗಾಗಿ 0.05 ಮಿ.ಮೀ. ಇದ್ದ ಸಂದು 0.10 ಆಯಿತೆಂದರೆ ಕಣ್ಣಿಗೆ ಕಾಣದ ವ್ಯತ್ಯಾಸವಾದರೂ ಗೇಜಿನ ಮುಳ್ಳಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ದೀಪ ದಾರಿಯಲ್ಲೇ ಹತ್ತಿದರೆ

ದೀಪದ ಸ್ವಿಚ್ ಸಾಮಾನ್ಯವಾಗಿ 0.2ರಿಂದ 0.5 ಬಾರ್ (ಒತ್ತಡದ ಅಳತೆ) ನಡುವೆ ಕೆಲಸ ಮಾಡುತ್ತದೆ. ಅಂದರೆ ಓಡುವ ವೇಗದಲ್ಲಿ ದೀಪ ಹತ್ತಿ ಹಾಗೇ ಉಳಿಯಿತೆಂದರೆ, ವಯರ್, ಸ್ವಿಚ್ ಸರಿಯಿದ್ದ ಪಕ್ಷದಲ್ಲಿ, ಪ್ರೆಶರ್ ಕಡಿಮೆಯಾದದ್ದಲ್ಲ, ಇಲ್ಲವೇ ಇಲ್ಲ. 'ಕುಮಟೆಯವರೆಗೆ ಹೇಗೋ ಹೋಗೋಣ' ಎಂಬ ಯೋಚನೆ ಬೇಡ. ಒಣಗಿದ ಬೇರಿಂಗ್ ಕ್ರ್ಯಾಂಕಿಗೆ ಕಚ್ಚಿಕೊಳ್ಳಲು ಕೆಲವೇ ನಿಮಿಷ ಸಾಕು.

ಆದರೆ ಘಟ್ಟ ಇಳಿಯುವಾಗ ಒಂದು ಎಚ್ಚರ. ಮೊದಲು ಗಾಡಿ ನಿಲ್ಲಿಸಿ, ಆಮೇಲೆ ಇಂಜಿನ್ ಆರಿಸಿ. ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಸಿಗುವುದು ಇಂಜಿನ್ ತಿರುಗುತ್ತಿದ್ದಾಗ ಮಾತ್ರ. ಓಡುವಾಗಲೇ ಆರಿಸಿದರೆ ಎರಡು ಮೂರು ಒತ್ತಿನ ನಂತರ ಪೆಡಲ್ ಕಲ್ಲಿನಂತಾಗುತ್ತದೆ. ಬದಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ.

ಮೊದಲ ಹೆಜ್ಜೆ: ಡಿಪ್‌ಸ್ಟಿಕ್

ಸಮತಟ್ಟು ಜಾಗ ಬೇಕು. ನಮ್ಮ ಕಡೆಯ ಅಂಗಳ, ರಸ್ತೆ ಎಲ್ಲಕ್ಕೂ ಒಂದಿಷ್ಟು ಇಳಿಜಾರು ಇದ್ದೇ ಇರುತ್ತದೆ, ಅಲ್ಲಿ ನೋಡಿದ ಮಟ್ಟ ನಂಬುವಂಥದ್ದಲ್ಲ.

ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಅದೇ ಗ್ರೇಡಿನ ಆಯಿಲ್ ತುಂಬಿ. ತಿರುವುಗಳಲ್ಲಿ ಮಾತ್ರ ದೀಪ ಮಿಣುಕುತ್ತಿದ್ದರೆ ಬಹುತೇಕ ಕಾರಣ ಇಷ್ಟೇ: ಹೇರ್‌ಪಿನ್ನಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಸ್ಟ್ರೇನರ್ ಗಾಳಿ ಕುಡಿಯುತ್ತದೆ. ಆದರೆ ತುಂಬಿದ್ದಕ್ಕೇ ಕೆಲಸ ಮುಗಿಯಲಿಲ್ಲ, ಇದ್ದ ಆಯಿಲ್ ಎಲ್ಲಿ ಹೋಯಿತು ಎಂದು ಹುಡುಕಬೇಕು. ಹಳೆ ಡೀಸೆಲ್ ಗಾಡಿಯಲ್ಲಿ ಮೊದಲು ನೋಡಬೇಕಾದ ಜಾಗ ಆಲ್ಟರ್ನೇಟರಿನ ಹಿಂಬದಿ. ಬ್ರೇಕಿನ ವ್ಯಾಕ್ಯೂಮ್ ಪಂಪ್ ಅಲ್ಲಿದ್ದರೆ ಅದಕ್ಕೂ ಇಂಜಿನ್ ಆಯಿಲೇ ಹೋಗುತ್ತದೆ. ಅದರ ರಬ್ಬರ್ ಹೋಸ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಒಂದೇ ಪ್ರಯಾಣದಲ್ಲಿ ಚೇಂಬರ್ ಬರಿದಾಗಬಹುದು. ಕಾರವಾರ, ಅಂಕೋಲೆಯ ಕಡಲಂಚಿನಲ್ಲಿ ನಿಲ್ಲುವ ಗಾಡಿಗಳಲ್ಲಿ ತಗಡಿನ ಚೇಂಬರ್ ಕೂಡ ತುಕ್ಕು ಹಿಡಿದು ಸೂಜಿ ತೂತು ಬೀಳುತ್ತದೆ. ಬಣ್ಣದ ಪದರ ಉಬ್ಬಿದ ಕಡೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕೆರೆದು ನೋಡಿ.

ಮಟ್ಟ ಏರಿದ್ದರೆ ಅದು ಇಳಿದದ್ದಕ್ಕಿಂತ ಕೆಟ್ಟ ಸುದ್ದಿ. ತುಂಬದೇ ಏರಿತೆಂದರೆ ಡೀಸೆಲ್, ಪೆಟ್ರೋಲ್ ಅಥವಾ ನೀರು ಸೇರಿದೆ. ಕ್ಯಾಮ್ ತಳ್ಳುವ ಡಯಾಫ್ರಮ್ ಫ್ಯುಯೆಲ್ ಪಂಪ್ ಇರುವ ಗಾಡಿಗಳಲ್ಲಿ ಡಯಾಫ್ರಮ್ ಹರಿದರೆ ಇಂಧನ ನೇರ ಚೇಂಬರಿಗಿಳಿಯಬಹುದು. ಡಿಪ್‌ಸ್ಟಿಕ್ ಮೂಸಿ ನೋಡಿ, ಹನಿಯೊಂದನ್ನು ಬೆರಳುಗಳ ನಡುವೆ ಉಜ್ಜಿ. ನೀರಿನಂತೆ ಜಾರಿದರೆ ಮೊದಲು ಇಂಧನ ಸೋರುವುದನ್ನು ನಿಲ್ಲಿಸಿ, ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಮೊದಲೇ ಬದಲಿಸಿದರೆ ಹೊಸ ಆಯಿಲೂ ವಾರದಲ್ಲಿ ತೆಳುವಾಗುತ್ತದೆ.

ಮಳೆಗಾಲದಲ್ಲಿ ಫಿಲ್ಲರ್ ಮುಚ್ಚಳದ ಒಳಗೆ ಬಿಳಿ ಬೆಣ್ಣೆಯಂಥದ್ದು ಕಂಡರೆ ಗಾಬರಿ ಬೇಡ. ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗದೆ ಗಾಳಿಯ ತೇವ ಅಲ್ಲಿ ಕೂರುತ್ತದೆ. ಅದೇ ಬಿಳಿ ಡಿಪ್‌ಸ್ಟಿಕ್ಕಿನ ತುದಿಯಲ್ಲೂ ಇದ್ದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸಂಶಯಿಸಿ. ನೆರೆ ನೀರಿನಲ್ಲಿ ಗಾಡಿ ದಾಟಿಸಿದ್ದರೆ ಡಿಪ್‌ಸ್ಟಿಕ್ ಪೈಪಿನಿಂದಲೂ ನೀರು ಒಳಸೇರಬಹುದು. ಅಂಥಾಗ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಇಳಿಸಿ.

ಗ್ರೇಡ್ ಬಗ್ಗೆ: ಹಳೆ ಡೀಸೆಲ್ಲಿಗೆ 15ಡಬ್ಲ್ಯು-40, ಹಳೆ ಪೆಟ್ರೋಲ್ ಇಂಜಿನ್ನಿಗೆ 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ವಾಡಿಕೆ. ಹೊಸ ಕಾರಿನದು ಉಳಿದಿತ್ತೆಂದು ತೆಳು ಆಯಿಲ್ ಸುರಿದ ಮೇಲೆ ದೀಪ ಹತ್ತಲು ಶುರುವಾಗಿದ್ದರೆ ಉತ್ತರ ನಿಮ್ಮ ಕೈಯಲ್ಲೇ ಇದೆ.

ಎರಡನೇ ಹೆಜ್ಜೆ: ವಯರ್ ಮತ್ತು ಸ್ವಿಚ್

ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ದೀಪ ಹತ್ತಬೇಕು. ಬ್ಲಾಕಿನ ಮೇಲಿರುವ ಪ್ರೆಶರ್ ಸ್ವಿಚ್ಚಿನ ಒಂಟಿ ವಯರ್ ಕಳಚಿ. ದೀಪ ಆರಬೇಕು. ಆರದಿದ್ದರೆ ವಯರ್ ಎಲ್ಲೋ ಚರ್ಮ ಸುಲಿದು ಬಾಡಿಗೆ ತಾಗುತ್ತಿದೆ, ಇಂಜಿನ್ನಿನ ತಪ್ಪೇನೂ ಇಲ್ಲ. ಆರಿದರೆ ಸಂಶಯ ಸ್ವಿಚ್ ಅಥವಾ ನಿಜವಾದ ಪ್ರೆಶರ್ ಮೇಲೆ.

ಮುಳ್ಳಿನ ಗೇಜ್ ಇರುವ ಗಾಡಿಯಲ್ಲಿ ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನೂ ಬಿಚ್ಚಿ ಉಜ್ಜಿ ಹಾಕಿ. ಮೀನು ಸಾಗಿಸುವ ಗಾಡಿಗಳಲ್ಲಿ ಐಸ್ ನೀರಿನ ಉಪ್ಪು ಈ ಪಟ್ಟಿಯನ್ನು ಹಸಿರು ಪುಡಿಯಾಗಿಸಿರುತ್ತದೆ, ಡ್ಯಾಶ್‌ಬೋರ್ಡಿನ ಎಲ್ಲ ಮುಳ್ಳುಗಳೂ ಸುಳ್ಳು ಹೇಳುತ್ತವೆ. ಸ್ವಿಚ್ಚಿನ ಮೈಯೇ ಅರ್ತ್ ಆದ್ದರಿಂದ ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಬಾರದು.

ಮೂರನೇ ಹೆಜ್ಜೆ: ಗೇಜ್

ಬೇಕಾದದ್ದು 0ರಿಂದ 10 ಬಾರ್ ಅಳೆಯುವ ಮೆಕ್ಯಾನಿಕಲ್ ಗೇಜ್, ಶಾಖ ತಡೆಯುವ ಹೋಸ್, ಸರಿಯಾದ ಅಡಾಪ್ಟರ್. ಸ್ವಿಚ್ಚಿನ ಥ್ರೆಡ್ ಹಲವು ಗಾಡಿಗಳಲ್ಲಿ 1/8 ಇಂಚು ಇರುತ್ತದೆ. ಆದರೆ ಅದರಲ್ಲೇ ಎರಡು ಜಾತಿ: ಬ್ರಿಟಿಷ್ ಪೈಪ್ ಥ್ರೆಡ್ಡಿನಲ್ಲಿ ಇಂಚಿಗೆ 28 ಸುತ್ತು, ಅಮೆರಿಕದ್ದರಲ್ಲಿ 27. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾದರೆ ಪಾನಾ ಹಾಕಿ ತಿರುಗಿಸಬೇಡಿ, ಬ್ಲಾಕಿನ ಥ್ರೆಡ್ ಹಾಳಾಗುತ್ತದೆ. ಹಳೆಯ ಸ್ವಿಚ್ಚನ್ನೇ ಅಂಗಡಿಗೆ ಒಯ್ದು ಹೊಂದಿಸಿಕೊಳ್ಳಿ.

ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮೊದಲ ಓದು ಬರೆದುಕೊಳ್ಳಿ. ನಂತರ ಹೋಸ್ ಎಲ್ಲೂ ಬೆಲ್ಟಿಗೆ, ಸೈಲೆನ್ಸರಿಗೆ ತಾಗದಂತೆ ಕಟ್ಟಿ, ನೀರಿನ ಮುಳ್ಳು 80 ಡಿಗ್ರಿ ದಾಟಿದ ಮೇಲೂ ಹದಿನೈದು ನಿಮಿಷ ಓಡಿಸಿ. ನೀರು ಬಿಸಿಯಾದಷ್ಟು ಬೇಗ ಆಯಿಲ್ ಬಿಸಿಯಾಗುವುದಿಲ್ಲ. ತಣ್ಣನೆಯ ಗಟ್ಟಿ ಆಯಿಲ್ ಸವೆದ ಇಂಜಿನ್ನಿಗೂ ಒಳ್ಳೆಯ ಅಂಕ ಕೊಡಿಸುತ್ತದೆ, ಹಾಗಾಗಿ ಬಿಸಿ ಓದೇ ಮುಖ್ಯ. ಐಡಲ್, 2000 ಮತ್ತು 3000 ಆರ್‌ಪಿಎಂ, ಮೂರೂ ಬರೆಯಿರಿ.

ಹಳೆ ಇಂಜಿನ್ನಿಗೆ ಒಂದು ಒರಟು ಲೆಕ್ಕ ಇದೆ: ಪ್ರತಿ 1000 ಆರ್‌ಪಿಎಂಗೆ 10 ಪಿ.ಎಸ್.ಐ., ಅಂದರೆ ಸುಮಾರು 0.7 ಬಾರ್. ಬಿಸಿ ಐಡಲ್ಲಿನಲ್ಲಿ 0.7ರಿಂದ 1 ಬಾರ್, 3000ದಲ್ಲಿ 2.5ರಿಂದ 4 ಬಾರ್ ಬಂದರೆ ಇಂಜಿನ್ ಇಳಿಸುವ ಮಾತೇ ಬೇಡ. ಗ್ಯಾರೇಜಿನಲ್ಲಿ 'ಒಂದು ಕೆಜಿ' ಎನ್ನುವುದು ಹೆಚ್ಚುಕಡಿಮೆ ಒಂದು ಬಾರೇ.

ಗೇಜ್ ಸರಿ ತೋರಿಸಿ ದೀಪ ಮಾತ್ರ ಹತ್ತುತ್ತಿದ್ದರೆ ಹೊಸ ಸ್ವಿಚ್ ಹಾಕಿ, ಮುಂದಿನದನ್ನು ಓದುವ ಅಗತ್ಯವಿಲ್ಲ.

ಮುಳ್ಳು ಹೇಳುವ ಮಾತು

ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದಾಗ ಐಡಲ್ಲಿನಲ್ಲಿ ಕುಸಿದು, ಆರ್‌ಪಿಎಂ ಏರಿಸಿದರೆ ಮೇಲೆ ಬಂದರೆ ಬೇರಿಂಗ್ ಸಂದು ಹೆಚ್ಚಿದೆ ಅಥವಾ ಆಯಿಲ್ ತೆಳುವಾಗಿದೆ. ತಣ್ಣಗಿದ್ದಾಗಲೂ ಬಿಸಿಯಾದಾಗಲೂ, ಎಲ್ಲ ವೇಗದಲ್ಲೂ ಕಡಿಮೆಯೆಂದರೆ ರಿಲೀಫ್ ವಾಲ್ವ್ (ಹೆಚ್ಚಾದ ಪ್ರೆಶರನ್ನು ಹೊರಬಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡಿದೆ ಅಥವಾ ಪಂಪ್ ಸವೆದಿದೆ. ಐಡಲ್ಲಿನಲ್ಲಿ ಪರವಾಗಿಲ್ಲ, 3000ದಲ್ಲಿ ಹಿಡಿದಿಟ್ಟರೆ ಇಳಿಯುತ್ತಾ ಹೋಗುತ್ತದೆ ಎಂದರೆ ಸ್ಟ್ರೇನರ್ ಕಟ್ಟಿದೆ: ಪಂಪ್ ಕೇಳಿದಷ್ಟು ಆಯಿಲ್ ಸಿಗುತ್ತಿಲ್ಲ. ಮುಳ್ಳು ನಡುಗುತ್ತಿದ್ದರೆ ಸ್ಟ್ರೇನರಿನಿಂದ ಪಂಪಿಗೆ ಹೋಗುವ ಪಿಕಪ್ ಪೈಪ್ ಗಾಳಿ ಎಳೆಯುತ್ತಿದೆ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಮಾತ್ರ ನಾಲ್ಕೈದು ಸೆಕೆಂಡ್ ತಡವಾಗಿ ಏರುತ್ತದೆಯೇ? ಫಿಲ್ಟರಿನೊಳಗಿನ ರಬ್ಬರ್ ವಾಲ್ವ್ ಆಯಿಲನ್ನು ರಾತ್ರಿಯಿಡೀ ಹಿಂದಕ್ಕೆ ಬಿಡುತ್ತಿದೆ. ಅಗ್ಗದ ನಕಲಿ ಫಿಲ್ಟರಿನ ಸಾಮಾನ್ಯ ಕಾಯಿಲೆ ಅದು.

ಚೇಂಬರ್ ಇಳಿಸುವುದು

ಅದಕ್ಕೂ ಮೊದಲು, ರಿಲೀಫ್ ವಾಲ್ವ್ ಹೊರಗಿನಿಂದಲೇ ಸಿಗುವ ಇಂಜಿನ್ ಆದರೆ ಅದನ್ನು ನೋಡಿ ಮುಗಿಸಿ. ಕ್ಯಾಪ್ ಬೋಲ್ಟ್ ಬಿಚ್ಚಿದರೆ ಸ್ಪ್ರಿಂಗ್, ಅದರ ಹಿಂದೆ ಪ್ಲಂಜರ್ ಅಥವಾ ಗುಂಡು. ಪ್ಲಂಜರ್ ತನ್ನ ಭಾರಕ್ಕೇ ಜಾರಬೇಕು. ಮೈಮೇಲೆ ಗೀರಿದ್ದರೆ 1200 ನಂಬರ್ ಪೇಪರಿಗೆ ಆಯಿಲ್ ಹಚ್ಚಿ ತೆಳುವಾಗಿ ಉಜ್ಜಿ, ಕೂರುವ ಸೀಟನ್ನು ಒರೆಸಿ. ಸ್ಪ್ರಿಂಗ್ ಕುಗ್ಗಿದ್ದರೆ ಹೊಸದು. ಸ್ಪ್ರಿಂಗಿನ ಹಿಂದೆ ವಾಷರ್ ಇಟ್ಟು ಪ್ರೆಶರ್ 'ಏರಿಸುವ' ಕಲೆ ಕೆಲವು ಕಡೆ ಇನ್ನೂ ನಡೆಯುತ್ತದೆ. ಸವೆದ ಬೇರಿಂಗಿನಿಂದ ಬಿಸಿ ಐಡಲ್ಲಿನಲ್ಲಿ ಪ್ರೆಶರ್ ಇಳಿದಾಗ ಆ ವಾಲ್ವ್ ಹೇಗೂ ಮುಚ್ಚಿಯೇ ಇರುತ್ತದೆ. ವಾಷರಿನಿಂದ ಏರುವುದು ತಣ್ಣನೆಯ ಇಂಜಿನ್ನಿನ ಪ್ರೆಶರ್ ಮಾತ್ರ, ಅದು ಫಿಲ್ಟರ್ ಒಡೆಯುತ್ತದೆ.

ಚೇಂಬರ್ ಇಳಿಸಲು ಗಾಡಿ ಎತ್ತಬೇಕು. ಮಳೆಗೆ ನೆನೆದ ಕೆಂಪು ಮಣ್ಣಿನಲ್ಲಿ ಜ್ಯಾಕ್ ಇಟ್ಟರೆ ಅರ್ಧ ಗಂಟೆಯಲ್ಲಿ ಅದು ವಾಲುತ್ತದೆ. ಕೆಳಗೆ ದಪ್ಪ ಹಲಗೆ ಹಾಸಿ, ಚಾಸಿಸ್ಸಿಗೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕಿನ ಮೇಲೆ, ಅಥವಾ ಒಂದರ ಮೇಲೊಂದು ಪೇರಿಸಿದ ಚೀರೆಕಲ್ಲಿನ ಮೇಲೆ ನಿಂತ ಗಾಡಿಯಡಿ ತಲೆ ಹಾಕಬೇಡಿ. ಆ ಕಲ್ಲು ಹೇಳದೆ ಕೇಳದೆ ಸೀಳುತ್ತದೆ.

ಚೇಂಬರ್ ಕೈಗೆ ಬಂದ ಮೇಲೆ ಮೊದಲು ಅದರ ತಳ ನೋಡಿ. ತೋಟದ ದಾರಿಯ ಕಲ್ಲಿಗೆ ತಾಗಿ ತಳ ಒಳಗೆ ತಗ್ಗಾಗಿದ್ದರೆ ಅದು ಸ್ಟ್ರೇನರಿನ ಬಾಯಿಗೇ ಅಂಟಿಕೊಂಡಿರುತ್ತದೆ. ಎಷ್ಟೋ ಇಂಜಿನ್ನುಗಳ ಕಾಯಿಲೆ ಇಷ್ಟೇ, ಸುತ್ತಿಗೆಯಿಂದ ತಟ್ಟಿ ಸರಿಮಾಡಿದರೆ ಮುಗಿಯಿತು. ನಂತರ ತಳದಲ್ಲಿ ಉಳಿದದ್ದನ್ನು ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ಕರಿ ರಾಡಿ ಎಂದರೆ ಆಯಿಲ್ ಬದಲಿಸದ ವರ್ಷಗಳ ಲೆಕ್ಕ. ರಬ್ಬರಿನಂಥ ಎಳೆಗಳು ಹಿಂದಿನ ಸಲ ಯಾರೋ ಧಾರಾಳವಾಗಿ ಹಚ್ಚಿದ ಸಿಲಿಕಾನ್. ಬೆಳ್ಳಿಯ ಅಥವಾ ತಾಮ್ರದ ಬಣ್ಣದ ಮಿನುಗು ಕಂಡರೆ ಅದು ಬೇರಿಂಗಿನದು, ಅವನ್ನು ಬಿಚ್ಚದೆ ಮುಚ್ಚಬೇಡಿ.

ಸ್ಟ್ರೇನರನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಷ್ಷಿನಿಂದ ತೊಳೆದು ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯಿರಿ. ಪಿಕಪ್ ಪೈಪಿನ ಬೆಸುಗೆಯಲ್ಲಿ ಕೂದಲಿನಷ್ಟು ಬಿರುಕಿದ್ದರೂ, ಬುಡದ ಓ-ರಿಂಗ್ ಗಟ್ಟಿಯಾಗಿದ್ದರೂ ಗಾಳಿ ಎಳೆಯುತ್ತದೆ. ಓ-ರಿಂಗ್ ಹೇಗಿದ್ದರೂ ಹೊಸದೇ ಹಾಕಿ.

ಪಂಪ್ ಬಿಚ್ಚಿದಾಗ ಫೀಲರ್ ಗೇಜ್ ಮತ್ತು ನೇರ ಪಟ್ಟಿ ಸಾಕು. ಗೇರಿನ ಮುಖಕ್ಕೂ ಮುಚ್ಚಳಕ್ಕೂ ನಡುವಿನ ಸಂದು 0.05ರಿಂದ 0.10 ಮಿ.ಮೀ. ಇದ್ದರೆ ಒಳ್ಳೆಯದು, 0.15 ದಾಟಿದರೆ ಪಂಪ್ ದಣಿದಿದೆ. ರೋಟರ್ ಪಂಪಿನಲ್ಲಿ ತುದಿಗಳ ನಡುವಿನ ಸಂದು 0.20 ದಾಟಬಾರದು. ಮುಚ್ಚಳದಲ್ಲಿ ಗೇರ್ ಉಂಗುರ ಕೊರೆದಿದ್ದರೆ ಲೇತಿನವರಲ್ಲಿ ಸಮತಟ್ಟಾಗಿ ಫೇಸ್ ಮಾಡಿಸಿಕೊಳ್ಳಬಹುದು. ಆದರೆ ಗೇರುಗಳೂ ಗೀರಿದ್ದರೆ ಪೂರ್ತಿ ಹೊಸ ಪಂಪೇ ಲೇಸು.

ಬೇರಿಂಗ್

ಮೇಲಿನದೆಲ್ಲ ಸರಿಯಿದ್ದು ಬಿಸಿ ಐಡಲ್ ಪ್ರೆಶರ್ ಮಾತ್ರ ಬಿದ್ದಿದ್ದರೆ ಉಳಿದದ್ದು ಇದೇ. ಹಲವು ಇಂಜಿನ್ನುಗಳಲ್ಲಿ ಗಾಡಿಯಿಂದ ಇಳಿಸದೆ, ಕೆಳಗಿನಿಂದಲೇ ಬಿಗ್ ಎಂಡ್ ಕ್ಯಾಪ್ ಬಿಚ್ಚಬಹುದು. ಬಿಚ್ಚುವ ಮೊದಲು ಪ್ರತಿ ಕ್ಯಾಪಿಗೂ ಸಂಖ್ಯೆ ಮತ್ತು ದಿಕ್ಕಿನ ಗುರುತು ಹಾಕಿ. ಅದಲುಬದಲಾದರೆ ಹೊಸ ಬೇರಿಂಗೂ ನಿಲ್ಲದು.

ಬೇರಿಂಗಿನ ಅರೆಬಳೆ, ಅಂದರೆ ಶೆಲ್ಲಿನ ಮೇಲ್ಮೈ ಮಂಕು ಬೂದು ಬಣ್ಣವಿದ್ದರೆ ಇನ್ನೂ ಆಯುಷ್ಯವಿದೆ. ತಾಮ್ರದ ಬಣ್ಣ ಇಣುಕಿದರೆ ಮೇಲಿನ ಮೃದು ಪದರ ಮುಗಿದಿದೆ. ಕ್ರ್ಯಾಂಕಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವ ಗೀರಿದ್ದರೆ, ಅಥವಾ ಮೈಕ್ರೋಮೀಟರ್ ಹಿಡಿದಾಗ 0.05 ಮಿ.ಮೀ.ಗಿಂತ ಹೆಚ್ಚು ಮೊಟ್ಟೆಯಾಕಾರ ಬಂದಿದ್ದರೆ ಕ್ರ್ಯಾಂಕ್ ಗ್ರೈಂಡಿಂಗ್ ಆಗಲೇಬೇಕು. 0.25 ಅಥವಾ 0.50 ಮಿ.ಮೀ. ಕಡಿಮೆ ಮಾಡಿಸಿ, ಅದೇ ಅಂಡರ್‌ಸೈಜಿನ ಶೆಲ್ ತರಬೇಕು. ಮೊದಲು ಶೆಲ್ ಸಿಗುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಕ್ರ್ಯಾಂಕನ್ನು ಲೇತಿಗೆ ಕೊಡಿ. ಹಳೆ ಇಂಜಿನ್ನುಗಳಿಗೆ ಇದು ಉಲ್ಟಾ ಆಗಿ ತಿಂಗಳುಗಟ್ಟಲೆ ಗಾಡಿ ನಿಲ್ಲುವುದುಂಟು.

ಸಂದು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆ ಸಿಗುತ್ತದೆ. ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಒರೆಸಿ ಒಣಗಿಸಿ, ಎಳೆಯನ್ನು ಕ್ರ್ಯಾಂಕಿನ ಉದ್ದಕ್ಕೆ ಇಟ್ಟು, ಕ್ಯಾಪನ್ನು ಟಾರ್ಕ್ ಪಾನಾದಿಂದ ಪೂರ್ತಿ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಮತ್ತೆ ಬಿಚ್ಚಿ. ಚಪ್ಪಟೆಯಾದ ಅಗಲವನ್ನು ಪೊಟ್ಟಣದ ಮೇಲಿನ ಪಟ್ಟಿಗೆ ಹೋಲಿಸಿ. ಸಾಮಾನ್ಯವಾಗಿ 0.03ರಿಂದ 0.08 ಸರಿ, 0.10 ದಾಟಿದರೆ ಶೆಲ್ ಬದಲಿಸಿ. ಕ್ಯಾಪಿನ ಮುಖಕ್ಕೆ ಅರ ಹಾಕಿ ಸಂದು ಕಡಿಮೆ ಮಾಡುವುದು, ಶೆಲ್ಲಿನ ಹಿಂದೆ ತಗಡಿನ ಚೂರು ಇಡುವುದು ಬೇಡವೇ ಬೇಡ. ರಂಧ್ರ ದುಂಡಗೆ ಉಳಿಯುವುದಿಲ್ಲ, ಶೆಲ್ಲಿನ ಶಾಖ ಹೊರಗೆ ಹೋಗುವುದಿಲ್ಲ, ಕೊನೆಗೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಬರುತ್ತದೆ.

ಮತ್ತೆ ಜೋಡಿಸುವಾಗ

ಚೇಂಬರಿನ ಅಂಚಿಗೆ ಸಿಲಿಕಾನ್ ಬೇಕಿದ್ದರೆ 3 ಮಿ.ಮೀ. ಎಳೆ ಸಾಕು, ಬೋಲ್ಟ್ ತೂತಿನ ಒಳಬದಿಯಿಂದ ಸುತ್ತಿಸಿ. ಒಳಗೆ ಉಕ್ಕಿದ್ದೇ ನಾಳೆ ಸ್ಟ್ರೇನರಿಗೆ ಸೇರುವುದು. ಸಣ್ಣ 6 ಮಿ.ಮೀ. ಬೋಲ್ಟುಗಳಿಗೆ ಸುಮಾರು 1 ಕೆಜಿ-ಮೀಟರ್ ಬಿಗಿ ಸಾಕು.

ಒಣಗಿದ ಪಂಪ್ ತಾನಾಗಿ ಆಯಿಲ್ ಎಳೆಯದು. ಜೋಡಿಸುವ ಮೊದಲೇ ಅದರೊಳಗೆ ಆಯಿಲ್ ತುಂಬಿ, ನೆಟ್ಟಗೆ ನಿಲ್ಲುವ ಫಿಲ್ಟರ್ ಆದರೆ ಅದನ್ನೂ ತುಂಬಿಸಿ. ಪೆಟ್ರೋಲ್ ಗಾಡಿಯಲ್ಲಿ ಇಗ್ನಿಷನ್ ಕಾಯಿಲಿನ ವಯರ್ ಕಳಚಿ, ಡೀಸೆಲ್ಲಿನಲ್ಲಿ ಸ್ಟಾಪ್ ಕೇಬಲ್ ಎಳೆದಿಟ್ಟು, ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಗೇಜಿನ ಮುಳ್ಳು ಅಲುಗಿದ ಮೇಲಷ್ಟೇ ಸ್ಟಾರ್ಟ್ ಮಾಡಿ.

ಪ್ರೆಶರ್ ಏರಿಸುವ ಡಬ್ಬಿ ಔಷಧಿಗಳ ಬಗ್ಗೆ ಕೇಳುವವರಿದ್ದಾರೆ. ಅವು ಆಯಿಲನ್ನು ಗಟ್ಟಿ ಮಾಡುತ್ತವೆ, ಬೇರಿಂಗನ್ನಲ್ಲ. ಗಾಡಿ ಮಾರುವವರಿಗೆ ಅವು ಉಪಯೋಗ, ಕೊಳ್ಳುವವರಿಗಲ್ಲ. ಹಳೆ ಇಂಜಿನ್ನಿಗೆ ಒಳಗಿನ ರಾಡಿ ಕರಗಿಸುವ ಫ್ಲಶ್ ಹಾಕುವುದೂ ಅಪಾಯ: ವರ್ಷಗಟ್ಟಲೆ ಗೋಡೆಗೆ ಅಂಟಿದ್ದ ರಾಡಿ ಒಮ್ಮೆಲೇ ಕಳಚಿ ಸ್ಟ್ರೇನರಿಗೆ ಬಂದು ಕೂರುತ್ತದೆ. ಚೇಂಬರ್ ಇಳಿಸಿ ಕೈಯಾರೆ ತೊಳೆಯುವುದೇ ಸರಿ.

ಬೇರಿಂಗ್ ಬದಲಿಸಿದ ಇಂಜಿನ್ನಿಗೆ 500 ಕಿಲೋಮೀಟರ್ ಆದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ, ಹಳೆ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದದ ಮಡಿಕೆಯಲ್ಲಿ ಮಿನುಗು ಇದೆಯೇ ನೋಡಿ. ಬಿಸಿ ಐಡಲ್, 2000, 3000ದ ಹೊಸ ಓದುಗಳನ್ನು ದಿನಾಂಕದೊಂದಿಗೆ ಬಾನೆಟ್ಟಿನ ಒಳಬದಿಗೆ ಬರೆದಿಡಿ. ಇಳಿಸಿದ ಕರಿ ಆಯಿಲನ್ನು ಬೇಲಿಗೂಟಕ್ಕೆ ಬಳಿಯುವುದು, ಹಳ್ಳದ ಬದಿಗೆ ಸುರಿಯುವುದು ನಮ್ಮ ಕಡೆ ರೂಢಿ. ಅದು ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ತೋಟದ ನೀರಿಗೆ ಇಳಿದರೆ ಹೊರತೆಗೆಯಲಾಗದು. ಡಬ್ಬಿಯಲ್ಲಿ ತುಂಬಿಸಿ, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.